ಲಿಬ್ರೆಆಫೀಸ್ ಕನ್ನಡ ಪದಪರೀಕ್ಷಕ: 0.7ರಲ್ಲಿ ಏನು ಸರಿಯಾಯಿತು, ಏನು ಉಳಿಯಿತು

ಪದಪಟ್ಟಿ

ಎಲ್ಲರಿಗೂ ನಮಸ್ಕಾರ. ಬರಹ ಟೈಪು ಮಾಡುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ರೈಟರ್‌ಗೆ ನಾವು ಮೂವರು ಸೇರಿ ಮಾಡುತ್ತಿರುವ ಕನ್ನಡ ಪದಪರೀಕ್ಷಕದ ಹೊಸ ಆವೃತ್ತಿ ಇವತ್ತು ಹಾಕಿದ್ದೇನೆ. ಕಳೆದ ಸಲ ನೀವು ಬರೆದು ಕಳಿಸಿದ ದೂರುಗಳನ್ನು ಒಂದೊಂದಾಗಿ ಕೂತು ನೋಡಿದ್ದೇವೆ. ಏನು ಬದಲಾಗಿದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಒಂದು ಮುಖ್ಯವಾದ ವಿಷಯ. ಹೊಸದನ್ನು ಹಾಕುವ ಮುಂಚೆ ಹಳೆಯ 0.6 ಅನ್ನು, 0.5 ಉಳಿದಿದ್ದರೆ ಅದನ್ನೂ ತೆಗೆದುಬಿಡಿ. ಓಎಕ್ಸ್‌ಟಿ ಫೈಲಿನ (ಎಕ್ಸ್‌ಟೆನ್ಶನ್, ಅಂದರೆ ಲಿಬ್ರೆಆಫೀಸ್‌ಗೆ ಸೇರಿಸಿಕೊಳ್ಳುವ ಭಾಗ, ಬರುವ ಫೈಲು) ಒಳಗೆ ಎಕ್ಸ್‌ಟೆನ್ಶನ್‌ಗೆ ಒಂದು ಗುರುತಿನ ಹೆಸರು ಇರುತ್ತದೆ. ಅದು ಒಂದೇ ಇದ್ದರೆ ಹಳೆಯದರ ಜಾಗದಲ್ಲಿ ಹೊಸದು ಕೂರುತ್ತದೆ. 0.6 ಮಾಡುವಾಗ ನಾನು ಆ ಹೆಸರನ್ನು ತಪ್ಪಾಗಿ ಬದಲಿಸಿದ್ದೆ. ಅದರಿಂದ ಕೆಲವರ ಯಂತ್ರದಲ್ಲಿ 0.5 ಮತ್ತು 0.6 ಎರಡೂ ಜೊತೆಗೇ ಉಳಿದಿವೆ. ಒಂದೇ ಭಾಷೆಗೆ ಎರಡು ಪದಕೋಶ ಇದ್ದರೆ, ಯಾವುದಾದರೂ ಒಂದು ಒಪ್ಪಿದರೆ ಸಾಕು, ಪದ ಸರಿ ಎಂದೇ ಲೆಕ್ಕ. ನಾವು ಹೊಸದರಲ್ಲಿ ತೆಗೆದುಹಾಕಿದ ತಪ್ಪು ಪದಗಳನ್ನು ಹಳೆಯದು ಸುಮ್ನೆ ಒಪ್ಪಿಕೊಳ್ಳುತ್ತಲೇ ಇತ್ತು. "ವಿಧ್ಯಾರ್ಥಿ ಎಂದು ಬರೆದರೂ ಗೆರೆ ಬೀಳುತ್ತಿಲ್ಲ" ಎಂದು ನಾಲ್ಕು ಜನ ಬರೆದಿದ್ದರಲ್ಲ, ಅದಕ್ಕೆ ಕಾರಣ ಇದೇ. ಕ್ಷಮಿಸಿ. 0.7ರಿಂದ ಮುಂದೆ ಈ ಹೆಸರು ಬದಲಾಗುವುದಿಲ್ಲ.

ಇನ್ನು ಒಡೆದ ಸ್ವರಚಿಹ್ನೆಗಳ ತೊಂದರೆ. "ನೀರು" ಎಂದು ಸರಿಯಾಗಿಯೇ ಕಾಣುತ್ತದೆ, ಆದರೂ ಕೆಳಗೆ ಕೆಂಪು ಗೆರೆ. ಯೂನಿಕೋಡ್‌ನಲ್ಲಿ ಉದ್ದ ಈಕಾರಕ್ಕೆ ಒಂದೇ ಚಿಹ್ನೆ ಇದೆ. ಗಿಡ್ಡ ಇಕಾರದ ಗುಡಿಸು ಹಾಕಿ, ಅದರ ಮುಂದೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಹಾಕಿದರೂ ಪರದೆಯ ಮೇಲೆ ಅದೇ ರೂಪ ಬರುತ್ತದೆ. ಏಕಾರ, ಓಕಾರ, ಐಕಾರಗಳದ್ದೂ ಇದೇ ಕಥೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ತಿರುಗಿಸುವ ಕೆಲವು ಸಾಧನಗಳು ಹೀಗೆ ಒಡೆದ ರೂಪವನ್ನೇ ಕೊಡುತ್ತವೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಈಗ ಹನ್‌ಸ್ಪೆಲ್‌ನ (ಪದ ಸರಿಯೇ ಎಂದು ಒಳಗೆ ನೋಡುವ ಪ್ರೋಗ್ರಾಂ) ಐಕನ್ವ್ ಸಾಲುಗಳನ್ನು ಸೇರಿಸಿದ್ದೇವೆ. ಪದವನ್ನು ಹುಡುಕುವ ಮುಂಚೆ ಒಡೆದದ್ದನ್ನು ಅದು ಕೂಡಿಸಿಕೊಳ್ಳುತ್ತದೆ.

ಮೂರನೆಯದು ಸಲಹೆಗಳು. "ಮಧ್ಯಾನ್ಹ" ಎಂದರೆ ಈಗ ಮೊದಲ ಸಲಹೆಯೇ "ಮಧ್ಯಾಹ್ನ". "ಚಿನ್ಹೆ" ಎಂದರೆ "ಚಿಹ್ನೆ". "ಕ್ರುಷಿ" ಎಂದರೆ "ಕೃಷಿ". ರೆಪ್ ಸಾಲುಗಳಲ್ಲಿ (ಯಾವ ತಪ್ಪಿಗೆ ಯಾವ ಸಲಹೆ ಎಂದು ಹೇಳುವ ಸಾಲುಗಳು) ನಾವು ಕನ್ನಡದವರು ನಿಜವಾಗಿ ಮಾಡುವ ತಪ್ಪುಗಳನ್ನು ಹಾಕಿದ್ದೇವೆ: ಲ-ಳ, ನ-ಣ, ಶ-ಷ-ಸ, ದ-ಧ, ಬ-ಭ, ಷ್ಟ-ಷ್ಠ. ಬಲಗುಂಡಿ ಒತ್ತಿದ ಮೇಲೆ ಸಲಹೆ ಬರಲು ಮೂರು ನಾಲ್ಕು ಸೆಕೆಂಡು ಆಗುತ್ತಿತ್ತು. ದೂರದ ಹೋಲಿಕೆಯ ಪದಗಳನ್ನು ಹುಡುಕುವ ಭಾಗವನ್ನು ನಿಲ್ಲಿಸಿದ್ದೇವೆ. ಈಗ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ತಕ್ಷಣ ಬರುತ್ತದೆ.

ಅರ್ಧಕ್ಕೆ ನಿಂತ ಕೆಲಸ ಇನ್ನೂ ಇದೆ. ಸಮಾಸ ಪದಗಳು, "ಉ" ಕೊನೆಯ ನಾಮಪದಗಳು. ಅದನ್ನು ಕೆಳಗೆ ಚರ್ಚಿಸೋಣ.

ಲಿನಕ್ಸ್_ಮೈಸೂರು

ಹಾಕಿದೆ. ವೇಗ ನಿಜಕ್ಕೂ ಜಾಸ್ತಿ ಆಗಿದೆ, ಧನ್ಯವಾದ.

ಹೊಸಬರಿಗೆ ಒಂದು ಸೂಚನೆ. ಎಕ್ಸ್‌ಟೆನ್ಶನ್ ಹಾಕಿಯೂ ಗೆರೆಯೇ ಬೀಳದಿದ್ದರೆ ಆಪ್ಶನ್ಸ್‌ನ ಭಾಷೆಗಳ ಪುಟ ನೋಡಿ. ಲಿಬ್ರೆಆಫೀಸ್ ಬರಹವನ್ನು ಮೂರು ಗುಂಪು ಮಾಡುತ್ತದೆ: ಪಾಶ್ಚಾತ್ಯ, ಏಷ್ಯಾದ, ಸಂಕೀರ್ಣ ಲಿಪಿ. ಕನ್ನಡ ಬರುವುದು ಮೂರನೆಯದರಲ್ಲಿ. ಅಲ್ಲಿ ಹಿಂದಿ ಎಂದು ಇದ್ದರೆ ನಿಮ್ಮ ಕನ್ನಡವನ್ನು ಅದು ಹಿಂದಿ ಎಂದೇ ತಿಳಿಯುತ್ತದೆ. ಕನ್ನಡ ಎಂದು ಆರಿಸಿ. ಹೆಸರಿನ ಪಕ್ಕದಲ್ಲಿ ಸಣ್ಣ ಟಿಕ್ ಗುರುತು ಇದ್ದರೆ ಪದಕೋಶ ಸಿಕ್ಕಿದೆ ಎಂದರ್ಥ. ಹಳೆಯ ಫೈಲುಗಳಲ್ಲಿ ಭಾಷೆ ಪ್ಯಾರಾಗಳಿಗೆ ಅಂಟಿಕೊಂಡಿರುತ್ತದೆ. ಅದಕ್ಕೆ ಎಲ್ಲವನ್ನೂ ಆರಿಸಿ ಮತ್ತೆ ಕನ್ನಡ ಎಂದು ಹೇಳಬೇಕು.

ಮುದ್ರಣ_ಹುಬ್ಬಳ್ಳಿ

ನಾನು ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಎರಡು ದೂರು ಇವೆ.

ಒಂದು, ನುಡಿ ಫಾಂಟಿನಲ್ಲಿರುವ ಹಳೆಯ ಫೈಲು ತೆರೆದರೆ ಪುಟ ಪೂರ್ತಿ ಕೆಂಪು.

ಎರಡು, "ಬೆ೦ಗಳೂರು" ಎಂದು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ (೦) ಹಾಕಿ ಟೈಪು ಮಾಡಿದ್ದನ್ನು ಇದು ಹಿಡಿಯುವುದೇ ಇಲ್ಲ. ಹೋದ ತಿಂಗಳು ಒಂದು ಸ್ಮರಣ ಸಂಚಿಕೆ ಮಾಡಿದೆ. ಲೇಖಕರೊಬ್ಬರು ಕಳಿಸಿದ ಲೇಖನದಲ್ಲಿ ಎಲ್ಲಾ ಅನುಸ್ವಾರಗಳೂ ಅಂಕಿ ಸೊನ್ನೆಗಳೇ. ಒಂದಕ್ಕೂ ಗೆರೆ ಬೀಳಲಿಲ್ಲ. ಅಚ್ಚಿನಲ್ಲಿ ಬೇರೆ ಫಾಂಟು ಹಾಕಿದಾಗ ಸೊನ್ನೆಗಳೆಲ್ಲ ದಪ್ಪಗೆ, ದೊಡ್ಡದಾಗಿ ಎದ್ದು ಕಂಡವು. ಅಚ್ಚಾದ ಮೇಲೆ ನೋಡಿ ತುಂಬಾ ಬೇಜಾರಾಯಿತು. ಗೆರೆ ಹೆಚ್ಚು ಬಿದ್ದರೂ ಪರವಾಗಿಲ್ಲ, ತಪ್ಪು ತಪ್ಪಿಸಿಕೊಂಡು ಹೋಗಬಾರದು. ಅಚ್ಚಾದ ಪುಟವನ್ನು ಯಾರೂ ವಾಪಸ್ ತಿದ್ದಲು ಆಗುವುದಿಲ್ಲ ಅಲ್ವಾ?

ಪದಪಟ್ಟಿ

ಮೊದಲನೆಯದಕ್ಕೆ ನಾವು ಏನೂ ಮಾಡಲು ಆಗುವುದಿಲ್ಲ. ಆ ಹಳೆಯ ಫಾಂಟುಗಳ ಬರಹ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳ ಸಾಲು. ಫಾಂಟು ಅದರ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ ಅಷ್ಟೇ. ಪರೀಕ್ಷಕಕ್ಕೆ ಅಲ್ಲಿ ಕನ್ನಡವೇ ಕಾಣುವುದಿಲ್ಲ. ಮೊದಲು ಯೂನಿಕೋಡ್‌ಗೆ ತಿರುಗಿಸಿಕೊಳ್ಳಲೇಬೇಕು.

ಎರಡನೆಯದು ಒಳ್ಳೆಯ ಪ್ರಶ್ನೆ. ಅಂಕಿ ಇರುವ ಪದಗಳನ್ನು ಲಿಬ್ರೆಆಫೀಸ್ ತಾನಾಗಿಯೇ ಪರೀಕ್ಷೆಗೆ ಕಳಿಸುವುದಿಲ್ಲ. ಕನ್ನಡದ ಅಂಕಿಗಳೂ ಆ ಲೆಕ್ಕದಲ್ಲಿ ಬರುತ್ತವೆ. ಹಾಗಾಗಿ "ಬೆ೦ಗಳೂರು" ನಮ್ಮ ಪದಕೋಶದ ತನಕ ಬರುವುದೇ ಇಲ್ಲ. ರೈಟಿಂಗ್ ಏಡ್ಸ್ ಪುಟದಲ್ಲಿ ಅಂಕಿ ಇರುವ ಪದಗಳನ್ನೂ ಪರೀಕ್ಷಿಸು ಎಂಬ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಬಹುದು. ಆದರೆ ಹಾಗೆ ಮಾಡಿದರೆ "2024ರಲ್ಲಿ", "10ನೇ" ಇವೆಲ್ಲಕ್ಕೂ ಗೆರೆ ಬೀಳುತ್ತದೆ.

ಇದಕ್ಕಿಂತ ಸುಲಭದ ದಾರಿ ಇದೆ. ಕಂಟ್ರೋಲ್-ಎಚ್ ಒತ್ತಿ. ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಗೆ ಟಿಕ್ ಹಾಕಿ. ಹುಡುಕುವ ಜಾಗದಲ್ಲಿ ಹೀಗೆ ಬರೆಯಿರಿ:

([ಅ-ೌ])೦

ಬದಲಿಗೆ ಎಂಬಲ್ಲಿ:

$1ಂ

ಅಕ್ಷರದ ಪಕ್ಕದಲ್ಲಿರುವ ಅಂಕಿ ಸೊನ್ನೆ ಮಾತ್ರ ಅನುಸ್ವಾರ ಆಗುತ್ತದೆ. "೧೦" ಎಂಬ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ೧ ಆ ಸಾಲಿನಲ್ಲಿ ಇಲ್ಲ. ಲೇಖನ ಕೈಗೆ ಬಂದ ಕೂಡಲೇ ಇದನ್ನು ಒಮ್ಮೆ ಓಡಿಸಿ.

ಇನ್ನು ನೀವು ಕೊನೆಗೆ ಹೇಳಿದ ಮಾತು. ಅದನ್ನು ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ತಪ್ಪು ಒಂದು ತಪ್ಪಿಸಿಕೊಂಡರೆ ಅದು ಬರೆದವರ ತಪ್ಪಾಗಿಯೇ ಉಳಿಯುತ್ತದೆ. ಸರಿ ಪದದ ಕೆಳಗೆ ಗೆರೆ ಎಳೆದರೆ ನಾವೇ ತಪ್ಪು ಮಾಡಿಸಿದಂತೆ. ಜನ ಯಂತ್ರವನ್ನು ನಂಬುತ್ತಾರೆ. ಗೆರೆ ಕಂಡರೆ ಪದ ಬದಲಿಸುತ್ತಾರೆ.

ಕನ್ನಡ_ಮೇಷ್ಟ್ರು

ಇದು ನನ್ನ ತರಗತಿಯಲ್ಲೇ ನಡೆದಿದೆ, ಹೇಳುತ್ತೇನೆ.

ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳು ಪ್ರಬಂಧ ಟೈಪು ಮಾಡುತ್ತಾರೆ. ಒಂಬತ್ತನೆಯ ತರಗತಿಯ ಹುಡುಗಿ ಸುಗ್ಗಿಯ ಬಗ್ಗೆ ಬರೆದಿದ್ದಳು. ಅವರ ಅಜ್ಜ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಅದರ ಸುತ್ತ ತಿರುಗಿಸಿ ಹಂತಿ ಹೊಡೆಯುತ್ತಿದ್ದುದು, ರಾತ್ರಿ ಪೂರ್ತಿ ಹಂತಿ ಪದ ಹಾಡುತ್ತಿದ್ದುದು. ಕೈಬರಹದಲ್ಲಿ ಚೆಂದ ಬರೆದಿದ್ದಳು. ಟೈಪು ಮಾಡಿದ ಪ್ರತಿಯಲ್ಲಿ "ಹಂತಿ" ಇರುವ ಕಡೆಯೆಲ್ಲ "ಹಂತ" ಎಂದಾಗಿತ್ತು. "ಮೇಟಿ" ಹೋಗಿ "ಮೇಜು" ಬಂದಿತ್ತು. ಕಣದ ನಡುವೆ ಮೇಜು! ಕೇಳಿದೆ. "ಕೆಂಪು ಗೆರೆ ಬಂತು ಸರ್, ತಪ್ಪು ಅನ್ಕೊಂಡೆ" ಅಂದಳು. ಅಜ್ಜನ ಮಾತೇ ತಪ್ಪು ಎಂದು ಆ ಮಗುವಿಗೆ ಅನ್ನಿಸಿಬಿಟ್ಟಿತು. ನನಗೆ ಅವತ್ತು ನಿದ್ದೆ ಬರಲಿಲ್ಲ.

ಹುಬ್ಬಳ್ಳಿಯವರ ಕಷ್ಟ ನನಗೆ ಗೊತ್ತಿದೆ. ಅಚ್ಚಿನ ತಪ್ಪು ಶಾಶ್ವತ. ಆದರೆ ನಿಮಗೆ ಅನುಭವ ಇದೆ. ಗೆರೆ ತಪ್ಪೋ ಸರಿಯೋ ನಿಮಗೆ ತಿಳಿಯುತ್ತದೆ. ಮಕ್ಕಳಿಗೆ ತಿಳಿಯುವುದಿಲ್ಲ.

ಮುದ್ರಣ_ಹುಬ್ಬಳ್ಳಿ

ಮೇಷ್ಟ್ರೇ, ಓದಿ ಸುಮ್ಮನೆ ಕೂತೆ. ಹಂತಿ ಪದ ನಮ್ಮ ಮನೆಯಲ್ಲೂ ಇತ್ತು. ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ: ಪದ ಗೊತ್ತಿಲ್ಲದಿದ್ದರೆ ಬಿಡಲಿ, ಆದರೆ ಗೊತ್ತಿರುವ ಪದದ ತಪ್ಪು ರೂಪವನ್ನು ಬಿಡಬಾರದು.

ಸೊನ್ನೆ ಬದಲಿಸುವ ಸೂತ್ರ ಓಡಿಸಿದೆ. ಒಂದೇ ಫೈಲಿನಲ್ಲಿ 312 ಕಡೆ ಸಿಕ್ಕಿತು.

ಪದಪಟ್ಟಿ

ಪರೀಕ್ಷಕಕ್ಕೆ ಆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ ಎನ್ನುವುದೇ ಕಷ್ಟ. ಪಟ್ಟಿಯಲ್ಲಿ ಇದೆ, ಇಲ್ಲ, ಅಷ್ಟೇ ಅದಕ್ಕೆ ತಿಳಿಯುವುದು. ಹಾಗಾಗಿ ದಾರಿ ಒಂದೇ: ಪಟ್ಟಿ ಬೆಳೆಯಬೇಕು. ಹಂತಿ, ಮೇಟಿ, ಕೂರಿಗೆ, ಕುಂಟೆ, ರಂಟೆ, ಇವು ಯಾಕೆ ಇರಲಿಲ್ಲ ಎಂದರೆ, ನಮ್ಮ ಪಟ್ಟಿ ಹುಟ್ಟಿದ್ದು ಸುದ್ದಿ ಮತ್ತು ವಿಶ್ವಕೋಶದ ಬರಹದಿಂದ. ಹೊಲದ ಮಾತು ಅಲ್ಲಿ ಕಡಿಮೆ. ಮೇಷ್ಟ್ರೇ, ನಿಮ್ಮ ಮಕ್ಕಳಿಂದ ಅಂತಹ ಪದಗಳನ್ನು ಬರೆಸಿ ಕಳಿಸುತ್ತೀರಾ? ಅರ್ಥದ ಜೊತೆಗೆ "ಅಲ್ಲಿ", "ಗೆ" ಸೇರಿದಾಗ ಹೇಗೆ ಹೇಳುತ್ತಾರೆ ಎಂದೂ ಬೇಕು.

ಅನುವಾದದವಳು

ಅಲರ್ ನಿಘಂಟಿನ ಪದಗಳನ್ನೇ ಪೂರ್ತಿ ತೆಗೆದುಕೊಳ್ಳಬಹುದಲ್ಲ? ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ್ದು. 2019ರಿಂದ ಮುಕ್ತವಾಗಿ ಸಿಗುತ್ತಿದೆ. ಒಂದೂವರೆ ಲಕ್ಷದಷ್ಟು ಪದ ಇವೆ. ಮತ್ತೆ ಮೊದಲಿಂದ ಪಟ್ಟಿ ಮಾಡುವುದು ಯಾಕೆ?

ಪದಪಟ್ಟಿ

ಅಲರ್ ಬಗ್ಗೆ ನನಗೆ ತುಂಬಾ ಗೌರವ. ದಿನಾ ತೆರೆದು ನೋಡುತ್ತೇನೆ. ಅದರ ಪರವಾನಗಿಯೂ ಉದಾರವಾದದ್ದೇ, ತೆಗೆದುಕೊಂಡವರು ತಾವು ಮಾಡಿದ್ದನ್ನೂ ಹಾಗೆಯೇ ಮುಕ್ತವಾಗಿ ಕೊಡಬೇಕು ಎಂಬ ಷರತ್ತು ಇದೆ. ಅದನ್ನು ಪಾಲಿಸುವುದು ಕಷ್ಟವಲ್ಲ.

ತೊಂದರೆ ಬೇರೆ. ನಿಘಂಟಿನ ಕೆಲಸ ಎಲ್ಲ ಪದಗಳನ್ನೂ ಇಟ್ಟುಕೊಳ್ಳುವುದು. ಹಳಗನ್ನಡದ್ದೂ, ಯಾರೂ ಈಗ ಬರೆಯದಿದ್ದೂ ಸೇರಿ. ಪರೀಕ್ಷಕಕ್ಕೆ ಹಾಗೆ ಮಾಡಿದರೆ ಸಣ್ಣ ಸಣ್ಣ ಅಪರೂಪದ ಪದಗಳು ನಮ್ಮ ಟೈಪಿಂಗ್ ತಪ್ಪುಗಳನ್ನು ಮುಚ್ಚಿಬಿಡುತ್ತವೆ. ಎರಡು ಮೂರು ಅಕ್ಷರದ ಪದಗಳಲ್ಲಿ ಇದು ಜಾಸ್ತಿ. ಅದಕ್ಕೆ ಉದ್ದದ ಪದಗಳನ್ನು ಧೈರ್ಯವಾಗಿ ಸೇರಿಸುತ್ತಿದ್ದೇವೆ, ಗಿಡ್ಡ ಪದಗಳನ್ನು ಒಂದೊಂದಾಗಿ ನೋಡಿ.

ಇನ್ನೊಂದು ವಿಷಯ. ನಿಘಂಟಿನಲ್ಲಿ "ಮನೆ" ಒಂದೇ ಪದ. ಬರಹದಲ್ಲಿ ಅದು ಮನೆಯ, ಮನೆಗೆ, ಮನೆಯಿಂದ, ಮನೆಯನ್ನು, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ, ಮನೆಗಳಲ್ಲೇ. ಬೇರು ಪದ ಇದ್ದರೆ ಸಾಲದು, ಪ್ರತಿ ಪದಕ್ಕೂ ಯಾವ ಗುಂಪಿನ ಪ್ರತ್ಯಯ ಹತ್ತುತ್ತದೆ ಎಂಬ ಗುರುತು ಹಾಕಬೇಕು. ನಮ್ಮ ಸಮಯವೆಲ್ಲ ಹೋಗುವುದು ಅಲ್ಲೇ.

ಲಿನಕ್ಸ್_ಮೈಸೂರು

ಅದರಲ್ಲೂ ಹನ್‌ಸ್ಪೆಲ್ ಒಂದು ಪದದ ಕೊನೆಯಿಂದ ಎರಡು ಪ್ರತ್ಯಯಗಳನ್ನು ಮಾತ್ರ ಕಳಚಿ ನೋಡುತ್ತದೆ ಅಲ್ವಾ? ಅದನ್ನು ಹಂಗೇರಿಯನ್ ಭಾಷೆಗಾಗಿ ಲಾಸ್ಲೋ ನೇಮೆತ್ ಕಟ್ಟಿದ್ದು. ಅದೂ ನಮ್ಮ ಹಾಗೆ ಪ್ರತ್ಯಯ ಅಂಟಿಸುವ ಭಾಷೆಯೇ. ಆದರೆ "ಮನೆಗಳಲ್ಲಿಯೂ" ಎಂದರೆ ಗಳು, ಅಲ್ಲಿ, ಊ, ಮೂರು ಪದರ. ಹೇಗೆ ಮಾಡಿದಿರಿ?

ಪದಪಟ್ಟಿ

ಕೊನೆಯ ಎರಡನ್ನು ಮೊದಲೇ ಬೆಸೆದುಬಿಟ್ಟೆವು. "ಅಲ್ಲಿ", "ಅಲ್ಲಿಯೂ", "ಅಲ್ಲೂ", "ಅಲ್ಲೇ", "ಅಲ್ಲಿಯೇ", "ಅಲ್ಲೋ" ಪ್ರತಿಯೊಂದೂ ಒಂದೇ ಪ್ರತ್ಯಯ ಎಂಬಂತೆ ಬರೆದೆವು. ಮೊದಲ ಪದರ "ಗಳ", ಎರಡನೆಯ ಪದರ ಈ ಬೆಸೆದದ್ದು. ಪ್ರತಿ ವಿಭಕ್ತಿಗೂ ಹೀಗೆ ಸಾಲು ಸಾಲು ಬರೆಯಬೇಕಾಯಿತು. ಫೈಲು ಉದ್ದವಾಗಿದೆ, ಆದರೆ ವೇಗಕ್ಕೆ ಧಕ್ಕೆ ಬಂದಿಲ್ಲ.

ಈ ಕೆಲಸದಲ್ಲೇ ಒಂದು ವಿಚಿತ್ರ ದೋಷ ಸಿಕ್ಕಿತು. "ಊರು" ಪದದ ಕೊನೆಯ ಕೊಂಬು ತೆಗೆದು "ಿನಲ್ಲಿ" ಸೇರಿಸಬೇಕು. ಅಂದರೆ ಪ್ರತ್ಯಯದ ಸಾಲು ಬರಿಯ ಸ್ವರಚಿಹ್ನೆಯಿಂದ ಶುರುವಾಗುತ್ತದೆ. ಕೆಲವು ಎಡಿಟರ್‌ಗಳು ಅಂತಹ ಕಡೆ ಚುಕ್ಕೆಯ ವೃತ್ತ ತೋರಿಸುತ್ತವೆ. ಎಲ್ಲಿಂದಲೋ ನಕಲು ಮಾಡುವಾಗ ಆ ವೃತ್ತವೂ ನಿಜವಾದ ಅಕ್ಷರವಾಗಿ ಫೈಲಿಗೆ ಸೇರಿಬಿಟ್ಟಿತ್ತು. ಇಡೀ ಒಂದು ಗುಂಪಿನ ಪದಗಳಿಗೆ ಸಪ್ತಮಿ ವಿಭಕ್ತಿಯೇ ಕೆಲಸ ಮಾಡುತ್ತಿರಲಿಲ್ಲ. ಹುಡುಕಲು ಎರಡು ವಾರ ಹಿಡಿಯಿತು.

ಕನ್ನಡ_ಮೇಷ್ಟ್ರು

"ಉ" ಕೊನೆಯ ನಾಮಪದದ ತೊಂದರೆ ಏನು ಎಂದು ಬಿಡಿಸಿ ಹೇಳಿ. ನಾನು ಸಹಾಯ ಮಾಡಬಹುದೇನೋ.

ಪದಪಟ್ಟಿ

"ಊರು" ಎಂದರೆ ಊರಿನಲ್ಲಿ. "ಗುರು" ಎಂದರೆ ಗುರುವಿನಲ್ಲಿ. ಎರಡರ ಕೊನೆಯೂ ಒಂದೇ, "ರು". ಯಂತ್ರಕ್ಕೆ ಹೇಗೆ ಹೇಳುವುದು? 0.6ರಲ್ಲಿ ಎಲ್ಲವನ್ನೂ ಊರಿನ ಗುಂಪಿಗೆ ಹಾಕಿದ್ದೆವು. ಅದರಿಂದ "ಗುರಿನಲ್ಲಿ", "ಮಗಿನ", "ಹಸಿನಿಂದ" ಎಲ್ಲ ಸರಿ ಎನ್ನುತ್ತಿತ್ತು. "ಮಗುವಿನ" ಎಂದು ಬರೆದರೆ ಗೆರೆ. ಈಗ ಕೈಯಿಂದ ಒಂದೊಂದಾಗಿ ಬದಲಿಸುತ್ತಿದ್ದೇವೆ. ಇನ್ನೂ ಸಾವಿರಾರು ಪದ ಬಾಕಿ.

ಕನ್ನಡ_ಮೇಷ್ಟ್ರು

ಕೈಯಿಂದ ಬೇಡ, ಇದಕ್ಕೆ ನಿಯಮ ಇದೆ. ಪದವನ್ನು ಗಟ್ಟಿಯಾಗಿ ಹೇಳಿ ನೋಡಿ.

ಎರಡೇ ಅಕ್ಷರ ಇದ್ದು, ಎರಡೂ ಲಘು ಆಗಿದ್ದರೆ ಕೊನೆಯ ಉಕಾರ ಗಟ್ಟಿ. ಅದು ಹೋಗುವುದಿಲ್ಲ, ವಕಾರ ಬರುತ್ತದೆ. ಮಗು-ಮಗುವಿನ, ಹಸು-ಹಸುವಿನ, ಕರು-ಕರುವಿನ, ನಡು-ನಡುವಿನ, ಮಡು-ಮಡುವಿನ. ಗುರು, ಪಶು, ಋತು ಕೂಡ ಇದರಲ್ಲೇ ಬಂದವು.

ಮೊದಲ ಅಕ್ಷರ ಗುರು ಆಗಿದ್ದರೆ, ಇಲ್ಲವೇ ಪದ ಮೂರು ಅಕ್ಷರ ಅಥವಾ ಹೆಚ್ಚು ಇದ್ದರೆ, ಕೊನೆಯ ಉಕಾರ ಬರಿಯ ಉಚ್ಚಾರಕ್ಕೆ ಬಂದದ್ದು. ಅದು ಬಿದ್ದುಹೋಗುತ್ತದೆ. ಊರು-ಊರಿನ, ಕಾಡು-ಕಾಡಿನ, ಎತ್ತು-ಎತ್ತಿನ, ಬಿಲ್ಲು-ಬಿಲ್ಲಿನ, ಹೆಸರು-ಹೆಸರಿನ, ಕಡಲು-ಕಡಲಿನ. ಇಂಗ್ಲಿಷಿನಿಂದ ಬಂದ ಕಾರು, ಬಸ್ಸು ಕೂಡ ಹೀಗೆಯೇ: ಕಾರಿನ, ಬಸ್ಸಿನ.

ಸಂಸ್ಕೃತದಿಂದ ಬಂದ ಉಕಾರದ ಪದಗಳು ಮಾತ್ರ ಗುರು ಇದ್ದರೂ ಉಕಾರ ಬಿಡುವುದಿಲ್ಲ. ವಸ್ತುವಿನ, ಸಾಧುವಿನ, ಧಾತುವಿನ, ಸೇತುವಿನ. ಅವನ್ನು ಪಟ್ಟಿ ಮಾಡಿಬಿಡಿ, ತುಂಬಾ ಇರುವುದಿಲ್ಲ. ಅದು, ಇದು, ಯಾವುದು ಇಂಥ ಸರ್ವನಾಮಗಳಿಗೆ ಬೇರೆ ಗುಂಪು ಬೇಕೇ ಬೇಕು.

ಪದಪಟ್ಟಿ

ಮೇಷ್ಟ್ರೇ, ಇದು ನಮಗೆ ಆರು ತಿಂಗಳ ಹಿಂದೆಯೇ ಗೊತ್ತಿರಬೇಕಿತ್ತು! ಲಘು-ಗುರು ಎಣಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದು ಇವತ್ತೇ ಓಡಿಸಿದೆ. ಬಾಕಿ ಪದಗಳು ಹೆಚ್ಚೂ ಕಡಿಮೆ ತಾವಾಗಿಯೇ ಗುಂಪಾದವು. ಕಣ್ಣಿಂದ ನೋಡಬೇಕಾದದ್ದು ಸಂಸ್ಕೃತದ ಪದಗಳು ಮಾತ್ರ. ನೂರು ಪದ ಹೀಗೆ ಸುಮ್ನೆ ಆರಿಸಿ ನೋಡಿದೆ, ಎಲ್ಲಾ ಸರಿಯಾಗಿವೆ.

ಛಂದಸ್ಸಿನ ಪಾಠ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಅನುವಾದದವಳು

ನನ್ನ ಕಡೆಯಿಂದ ಒಂದು ದೋಷ. 0.6ರಲ್ಲಿ "ಸಾಫ್ಟ್‌ವೇರ್" ಪದಕ್ಕೆ ಸಲಹೆ ಒಪ್ಪಿಕೊಂಡರೆ "ಸಾಫ್ಟ್ವೇರ್" ಎಂದು ಒತ್ತಕ್ಷರ ಆಗಿ ಬರುತ್ತಿತ್ತು. 0.7ರಲ್ಲಿ ಅದು ಸರಿಹೋಗಿದೆ. ಆದರೆ ಈಗ "ಇಮೇಲ್‌ನಲ್ಲಿ" ಬರೆಯಲು ಶುರು ಮಾಡಿ, ಆಮೇಲೆ "ನಲ್ಲಿ" ಅಳಿಸಿದರೆ ಉಳಿದ "ಇಮೇಲ್" ಕೆಳಗೆ ಗೆರೆ ಬೀಳುತ್ತದೆ. ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ.

ಪದಪಟ್ಟಿ

ಕಣ್ಣಿಗೆ ಕಾಣದ ಅಕ್ಷರ ಅಲ್ಲಿ ಉಳಿದಿದೆ. ಒತ್ತಕ್ಷರ ಆಗದಂತೆ ತಡೆಯಲು ನಾವು ಹಾಕುವ ಶೂನ್ಯ ಅಗಲದ ಜೋಡಣೆ-ತಡೆ. "ನಲ್ಲಿ" ಅಳಿಸಿದರೂ ಅದು ಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ.

0.6ರಲ್ಲಿ ಈ ಗುರುತನ್ನು ಪೂರ್ತಿ ಕಡೆಗಣಿಸು ಎಂದು ಹೇಳಿದ್ದೆವು. ಹಾಗೆ ಹೇಳಿದರೆ ಹನ್‌ಸ್ಪೆಲ್ ತನ್ನ ಪಟ್ಟಿಯ ಪದಗಳಿಂದಲೂ ಅದನ್ನು ತೆಗೆದುಬಿಡುತ್ತದೆ. ಅದಕ್ಕೇ ಸಲಹೆಗಳು ಒತ್ತಕ್ಷರವಾಗಿ ಬರುತ್ತಿದ್ದವು. 0.7ರಲ್ಲಿ ಆ ಸಾಲು ತೆಗೆದು, ಗುರುತಿನ ಸಮೇತ ಪದಗಳನ್ನು ಬರೆದೆವು. ಬಾಲದಲ್ಲಿ ಉಳಿದದ್ದನ್ನು ಮರೆತೆವು. ಅರ್ಧಾಕ್ಷರದಲ್ಲಿ ಕೊನೆಯಾಗುವ ಪದಗಳಿಗೆ ಬರಿಯ ಆ ಗುರುತನ್ನೇ ಒಂದು ಪ್ರತ್ಯಯ ಎಂದು ಸೇರಿಸಿದರೆ ಸಾಕು. 0.7.1ರಲ್ಲಿ ಬರುತ್ತದೆ.

ಇದೇ ಜಾತಿಯ ಇನ್ನೊಂದು: "ರ‍್ಯಾಂಕ್", "ರ‍್ಯಾಲಿ". ಇಲ್ಲಿ ಅರ್ಕಾವತ್ತು ಬಾರದಂತೆ ರಕಾರ ಆದ ಕೂಡಲೇ, ವಿರಾಮದ (ಅರ್ಧಾಕ್ಷರ ಮಾಡುವ "್") ಮುಂಚೆ, ಕಣ್ಣಿಗೆ ಕಾಣದ ಜೋಡಿಸುವ ಗುರುತು ಬರಬೇಕು. ಕೆಲವರು ಅದನ್ನು ವಿರಾಮದ ಆಮೇಲೆ ಹಾಕುತ್ತಾರೆ. ಆ ಎರಡನ್ನೂ ಐಕನ್ವ್ ಸಾಲಿನಲ್ಲಿ ಹೊಂದಿಸಿದ್ದೇವೆ.

ಹೊಸಬರಹ_ಓದುಗ

ಡಿ.ಎನ್. ಶಂಕರ ಭಟ್ಟರು ಮುಂದಿಟ್ಟ ಹೊಸಬರಹದಲ್ಲಿ ನಾವು ಕೆಲವರು ಬರೆಯುತ್ತೇವೆ. ಮಹಾಪ್ರಾಣ ಬಳಸುವುದಿಲ್ಲ. ನಮಗೆ ಪುಟ ಪೂರ್ತಿ ಗೆರೆ. ಇದನ್ನೂ ಸೇರಿಸಲು ಆಗುತ್ತದೆಯೇ?

ಪದಪಟ್ಟಿ

ಇದೇ ಪಟ್ಟಿಗೆ ಸೇರಿಸಲು ಆಗುವುದಿಲ್ಲ. ಸೇರಿಸಿದರೆ "ಪ್ರಾರಂಬ", "ಶುಬಾಶಯ" ಎಲ್ಲರಿಗೂ ಸರಿಯಾಗಿಬಿಡುತ್ತದೆ. ಬೇರೆ ಓಎಕ್ಸ್‌ಟಿ ಮಾಡಬಹುದು. ಮಹಾಪ್ರಾಣಗಳನ್ನು ಅಲ್ಪಪ್ರಾಣ ಮಾಡಿ ಪಟ್ಟಿಯನ್ನು ತಿರುಗಿಸುವುದು ಕಷ್ಟವಲ್ಲ. ಆದರೆ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಬಾರದು, ಮೊದಲೇ ಹೇಳಿದ ಕಾರಣಕ್ಕೆ. ಪರೀಕ್ಷಿಸಿ ನೋಡಲು ನೀವು ಸಿದ್ಧ ಇದ್ದರೆ ಮಾಡಿ ಕೊಡುತ್ತೇನೆ.

ಹೊಸಬರಹ_ಓದುಗ

ಸಿದ್ಧ. ಒಂದು ವಾರ ಕೊಡಿ, ಬರಹಗಳ ಮಾದರಿ ಕಳಿಸುತ್ತೇನೆ.

ಡಲ್ಲಾಸ್_ಕನ್ನಡಶಾಲೆ

ಇಲ್ಲಿ ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಲ-ಳ ಕಿವಿಯಲ್ಲೇ ಬೇರೆ ಕೇಳುವುದಿಲ್ಲ. "ಈ ವರ್ಷ ಬೆಲೆ ಚೆನ್ನಾಗಿ ಬೆಳೆದಿದೆ", "ಅಜ್ಜಿ ಹಲ್ಲಿಯಲ್ಲಿ ಇದ್ದಾರೆ" ಎಂದು ಬರೆಯುತ್ತಾರೆ. ಪರೀಕ್ಷಕ ಇದನ್ನು ಹಿಡಿಯುವುದಿಲ್ಲ. ಲಿಬ್ರೆಆಫೀಸ್ 7.4ರಿಂದ ಲ್ಯಾಂಗ್ವೇಜ್‌ಟೂಲ್ ಜೋಡಿಸಬಹುದು ಎಂದು ಓದಿದ್ದೇನೆ. ಕನ್ನಡಕ್ಕೆ ಬರುತ್ತದೆಯೇ?

ಪದಪಟ್ಟಿ

ಬೆಲೆಯೂ ಪದ, ಬೆಳೆಯೂ ಪದ. ಹಲ್ಲಿಯೂ ಇದೆ, ಹಳ್ಳಿಯೂ ಇದೆ. ಒಂದೊಂದೇ ಪದ ನೋಡುವ ಸಾಧನ ಇದನ್ನು ಎಂದಿಗೂ ಹಿಡಿಯಲಾರದು. ಅಕ್ಕಪಕ್ಕದ ಪದ ನೋಡಬೇಕು.

ಲ್ಯಾಂಗ್ವೇಜ್‌ಟೂಲ್ ಅದನ್ನೇ ಮಾಡುತ್ತದೆ. ಜರ್ಮನಿಯ ಡೇನಿಯಲ್ ನಾಬರ್ 2003ರಲ್ಲಿ ತಮ್ಮ ಪದವಿಯ ಕೆಲಸವಾಗಿ ಶುರು ಮಾಡಿದ್ದು. ನಿಯಮಗಳನ್ನು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆಯಬಹುದು, ಪ್ರೋಗ್ರಾಮಿಂಗ್ ಬರಲೇಬೇಕು ಎಂದಿಲ್ಲ. ಅದರಲ್ಲಿ ತಮಿಳು ಇದೆ, ಕನ್ನಡ ಇಲ್ಲ. ನಾವೇ ಮಾಡಬೇಕು. "ಬೆಲೆ" ಆದ ಮೇಲೆ ಹತ್ತಿರದಲ್ಲಿ ಬೆಳೆ, ಕೊಯ್ಲು, ಬಿತ್ತು ಇಂಥ ಪದ ಬಂದರೆ ಕೇಳು ಎನ್ನುವಂತಹ ನಿಯಮಗಳು. ನಿಮ್ಮ ಮಕ್ಕಳು ಮಾಡುವ ತಪ್ಪು ವಾಕ್ಯಗಳನ್ನು, ಹೆಸರು ತೆಗೆದು, ಹಾಗೆಯೇ ಕಳಿಸಿ. ನಿಯಮ ಬರೆಯಲು ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ.

ಒಂದು ಎಚ್ಚರಿಕೆ ಎಲ್ಲರಿಗೂ. ನಿಮ್ಮ ಸ್ವಂತ ಪದಪುಸ್ತಕದ ಫೈಲು, ಅಂದರೆ ಬಳಕೆದಾರರ ಫೋಲ್ಡರಿನ ವರ್ಡ್‌ಬುಕ್ ಒಳಗಿನ ಸ್ಟ್ಯಾಂಡರ್ಡ್ ಡಿಕ್, ಅದನ್ನು ಇಲ್ಲಿ ಹಾಗೆಯೇ ಹಾಕಬೇಡಿ. ಮೊನ್ನೆ ಒಬ್ಬರು ಕಳಿಸಿದ್ದರು. ಅದರಲ್ಲಿ ಗ್ರಾಹಕರ ಹೆಸರು, ಊರು ಎಲ್ಲ ಇದ್ದವು. "ಪದಕೋಶಕ್ಕೆ ಸೇರಿಸು" ಒತ್ತಿದ್ದೆಲ್ಲ ಅಲ್ಲಿ ಕೂತಿರುತ್ತದೆ. ಹೆಸರುಗಳನ್ನು ತೆಗೆದು, ಪದಗಳನ್ನು ಮಾತ್ರ ಕಳಿಸಿ. ಲಿಬ್ರೆಆಫೀಸಿನ ಪ್ರೊಫೈಲ್ ಅಳಿಸಿ ಹೊಸದು ಮಾಡುವವರೂ ಮೊದಲು ಈ ಫೈಲಿನ ನಕಲು ಇಟ್ಟುಕೊಳ್ಳಿ. ಇಲ್ಲದಿದ್ದರೆ ವರ್ಷಗಟ್ಟಲೆ ಸೇರಿಸಿದ ಪದಗಳು ಹೋಗುತ್ತವೆ.

ಕನ್ನಡ_ಮೇಷ್ಟ್ರು

ಮಕ್ಕಳು ಪದ ತಂದಿದ್ದಾರೆ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದಿದ್ದೆ. ನಲವತ್ತು ಮಕ್ಕಳಿಂದ ನೂರಾ ಎಂಬತ್ತು ಪದ ಬಂದಿವೆ. ಹಂತಿ, ಮೇಟಿ, ಕೂರಿಗೆ, ಕುಂಟೆ, ರಂಟೆ, ನೊಗ, ಮಿಣಿ, ಹಗೇವು, ಕಣಜ, ಹೊಟ್ಟು ತೂರುವುದು. ಆ ಹುಡುಗಿಯೇ ಮುಂದೆ ನಿಂತು ಎಲ್ಲವನ್ನೂ ಟೈಪು ಮಾಡಿದಳು.

ಒಂದು ಸಂದೇಹ. ನಮ್ಮ ಕಡೆ ಯಾರೂ "ರಂಟೆ" ಎನ್ನುವುದಿಲ್ಲ. "ರಂಟಿ" ಎನ್ನುತ್ತಾರೆ. ಕೂರಿಗಿ, ಕುಂಟಿ, ಮನಿ, ಎಲ್ಲಾ ಹಾಗೆಯೇ. ಮಕ್ಕಳು ಎರಡನ್ನೂ ಬರೆದಿದ್ದಾರೆ. ಎರಡೂ ಸೇರಿಸುತ್ತೀರಾ?

ಪದಪಟ್ಟಿ

ಪಟ್ಟಿ ನೋಡಿದೆ. ಕಣ್ಣು ತುಂಬಿ ಬಂತು. "ರಂಟೆ" ರೂಪಗಳು ಇವತ್ತು ರಾತ್ರಿಯೇ ಮೂಲ ಪಟ್ಟಿಗೆ ಸೇರುತ್ತವೆ.

"ರಂಟಿ" ಬಗ್ಗೆ ತುಂಬಾ ಯೋಚಿಸಿದೆ. ಎಲ್ಲಾ ಎಕಾರದ ಪದಗಳಿಗೂ ಇಕಾರ ಒಪ್ಪಿಬಿಟ್ಟರೆ, ಗುಡಿಸು-ಎತ್ವದ ಟೈಪಿಂಗ್ ತಪ್ಪು ಒಂದೂ ಸಿಗುವುದಿಲ್ಲ. ಅದಕ್ಕೆ ಬೇರೆ ದಾರಿ. ಲಿಬ್ರೆಆಫೀಸ್ 6.0ರಿಂದ ಸ್ವಂತ ಪದಪುಸ್ತಕದಲ್ಲಿ "ಗ್ರಾಮರ್ ಬೈ" ಎಂಬ ಜಾಗ ಇದೆ. ಹೊಸ ಪದದ ಎದುರು ಒಂದು ಮಾದರಿ ಪದ ಬರೆದರೆ, ಆ ಮಾದರಿಯ ಪ್ರತ್ಯಯಗಳೆಲ್ಲ ಹೊಸ ಪದಕ್ಕೂ ಹತ್ತುತ್ತವೆ. "ರಂಟಿ" ಎದುರು "ಗಿಣಿ" ಎಂದು ಬರೆಯಿರಿ. ರಂಟಿಯಲ್ಲಿ, ರಂಟಿಗೆ, ರಂಟಿಗಳನ್ನು, ಎಲ್ಲಾ ಸರಿಯಾಗುತ್ತವೆ. ಪದಪುಸ್ತಕ ಮಾಡುವಾಗ ಎಲ್ಲಾ ಭಾಷೆಗಳಿಗೆ ಎಂದು ಬಿಡಬೇಡಿ, ಕನ್ನಡ ಎಂದೇ ಆರಿಸಿ. ಆಗ ಮಾತ್ರ ಆ ಜಾಗ ಕೆಲಸ ಮಾಡುತ್ತದೆ.

ನಿಮ್ಮ ಊರಿನ ಮಾತಿಗೆ ಹೀಗೆ ಒಂದು ಪುಸ್ತಕ ಮಾಡೋಣ. ಬೇಕಾದವರು ಟಿಕ್ ಹಾಕಿಕೊಳ್ಳುತ್ತಾರೆ, ಬೇಡದವರು ತೆಗೆಯುತ್ತಾರೆ. ಮಲೆನಾಡಿನವರು, ಕರಾವಳಿಯವರು ತಮ್ಮದನ್ನೂ ಮಾಡಬಹುದು.

ಮುದ್ರಣ_ಹುಬ್ಬಳ್ಳಿ

ನಮ್ಮ ಕಡೆಯ ಪುಸ್ತಕ ಮೇಷ್ಟ್ರು ಮತ್ತು ನಾನು ಸೇರಿ ಮಾಡುತ್ತೇವೆ. ನನ್ನ ಹತ್ತಿರ ಹಳೆಯ ಸ್ಮರಣ ಸಂಚಿಕೆಗಳು, ಹಂತಿ ಪದಗಳ ಟೈಪು ಮಾಡಿದ ಫೈಲುಗಳು ಇವೆ. ಯೂನಿಕೋಡ್‌ಗೆ ತಿರುಗಿಸಿ ಪದ ಬಿಡಿಸುತ್ತೇನೆ.

ಕನ್ನಡ_ಮೇಷ್ಟ್ರು

0.7.1 ಹಾಕಿ ಇವತ್ತು ತರಗತಿಯಲ್ಲಿ ತೆರೆದೆವು. ಆ ಹುಡುಗಿ ತನ್ನ ಹಳೆಯ ಪ್ರಬಂಧವನ್ನು ಕೈಬರಹ ನೋಡಿಕೊಂಡು ಮತ್ತೆ ಟೈಪು ಮಾಡಿದಳು. ಹಂತಿಗೆ ಗೆರೆ ಇಲ್ಲ. ಮೇಟಿಗೂ ಇಲ್ಲ. "ಮೇಟಿಯ ಸುತ್ತ" ಸರಿ. "ಹಂತಿಯವರು" ಎಂಬುದಕ್ಕೆ ಮಾತ್ರ ಗೆರೆ ಬಿತ್ತು. ಅವಳೇ ಕೈ ಎತ್ತಿ, "ಸರ್, ಇದು ಅವರ ತಪ್ಪು, ಬರೆದು ಕಳಿಸಿ" ಅಂದಳು. ಕಳಿಸುತ್ತಿದ್ದೇನೆ.

ಪದಪಟ್ಟಿ

ಅವಳು ಹೇಳಿದ್ದು ನಿಜ. "ಹಂತಿ" ಪದಕ್ಕೆ "ಅವರು" ಸೇರುವ ಗುಂಪಿನ ಗುರುತು ಬಿಟ್ಟುಹೋಗಿತ್ತು. ಹಾಕಿದೆ. 0.7.2 ಶನಿವಾರ.